ನಲವತ್ತೊಂದನೇ ನೆರಳು

ನನ್ನ ಹಠದ ಬಗ್ಗೆ ನಮ್ಮ ಮನೆಯಲ್ಲಿ ಬೇಕಾದಷ್ಟು ಕಥೆಗಳಿವೆ. ಈ ಒಂದನ್ನು ಮಾತ್ರ ನಾನೇ ಹೇಳಬೇಕು, ಯಾಕೆಂದರೆ ಇದರಲ್ಲಿ ಮೊದಲ ತಪ್ಪು ನನ್ನದೇ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇತಿಹಾಸ ಪಾಠ ಮಾಡುವವಳು. ಹೆಸರು ಚಂದ್ರಪ್ರಭಾ. ಆ ವರ್ಷ ಜನವರಿಯಲ್ಲಿ ನಮ್ಮ ಹೆಡ್‌ಮಾಸ್ಟರು ವಾರದ ನನ್ನ ನಾಲ್ಕು ಪೀರಿಯಡ್ಡುಗಳಲ್ಲಿ ಎರಡನ್ನು ಕಿತ್ತು ಗಣಿತಕ್ಕೆ ಕೊಟ್ಟರು. ಇತಿಹಾಸ ಮಕ್ಕಳು ಮನೆಯಲ್ಲೇ ಓದಿಕೊಳ್ಳುತ್ತಾರೆ ಬಿಡಿ ಮೇಡಂ ಅಂದರು. ತಮ್ಮ ಕೋಣೆಯಲ್ಲಿ ಕೂರಿಸಿ, ಚಹಾ ತರಿಸಿ, ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ಳಿ ಹೇಳಿದರು. ಆ ಕುರ್ಚಿಯಲ್ಲಿ ಕೂತವರು ಯಾರೂ ಗೆದ್ದು ಎದ್ದದ್ದಿಲ್ಲ. ನಾನೂ ಬಿಸ್ಕತ್ತು ತಿಂದು ಎದ್ದು ಬಂದೆ.

ಅದೇ ವಾರ ಒಂಬತ್ತನೇ ತರಗತಿಯ ರೇಣುಕಾ ಒಂದು ಪ್ರಶ್ನೆ ಕೇಳಿದಳು. ನಮ್ಮ ಪುಸ್ತಕದಲ್ಲಿ ಪ್ರತಿ ರಾಜನ ಪಾಠವೂ 'ಪ್ರಜೆಗಳು ಸುಖವಾಗಿದ್ದರು' ಎಂಬ ವಾಕ್ಯದಿಂದ ಮುಗಿಯುತ್ತದೆ. ಇಪ್ಪತ್ತೆರಡು ವರ್ಷದಿಂದ ಅದನ್ನು ಓದಿ, ಪುಸ್ತಕ ಮುಚ್ಚಿ, ಡಸ್ಟರ್ ಎತ್ತಿಕೊಳ್ಳುತ್ತ ಬಂದಿದ್ದೆ. ಅವತ್ತು ಅವಳು ಎದ್ದು ನಿಂತು, "ಅವರನ್ನ ಯಾರ್ ಕೇಳಿದ್ರು ಮಿಸ್?" ಅಂದಳು. ಕೊಬ್ಬಿನಿಂದಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. ನಾನು ಕೂತ್ಕೋ ಅಂದೆ. ಮನೆಗೆ ಬಂದು ಅನ್ನ ಸೇರಲಿಲ್ಲ.

ಹೀಗೆ ಎರಡು ಕಡೆಯಿಂದ ಪೆಟ್ಟು ತಿಂದವಳು ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕಿದೆ. ಹೈಸ್ಕೂಲಿನ ಒಂಬತ್ತು ಜನ ಇತಿಹಾಸದ ಮೇಷ್ಟ್ರುಗಳನ್ನು ಆರಿಸಿ ಒಂದು ಕೋಟೆ ಊರಿನಲ್ಲಿ ನಲವತ್ತು ದಿನ ಇಟ್ಟುಕೊಳ್ಳುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ನೆರಳು. ಅದನ್ನು ಅಳೆದು, ಬರೆದು, ಯಾವುದರ ನೆರಳು ಎಂದು ಗೊತ್ತುಮಾಡಿ, ಮಕ್ಕಳಿಗೆ ಒಂದು ಪಾಠ ಸಿದ್ಧಪಡಿಸಿಕೊಂಡು ಊರಿಗೆ ಮರಳಬೇಕು.

ಆ ಊರಿನ ಕೋಟೆ ನೆಲ ಕಚ್ಚಿ ಮುನ್ನೂರು ವರ್ಷವಾಗಿದೆ. ನೆರಳುಗಳು ಮಾತ್ರ ಹಾಗೇ ಇವೆ. ಬಸ್ಸು ಇಳಿದಾಗ ಎದುರಿಗೆ ಬರೀ ಬಯಲು, ಬಯಲಿನ ತುಂಬ ಅರಮನೆಯ ಕಮಾನುಗಳ ನೆರಳು, ಕತ್ತೆತ್ತಿದರೆ ಖಾಲಿ ಆಕಾಶ. ಊರಿನವರಿಗೆ ಅದರಲ್ಲಿ ಏನೂ ಇರಲಿಲ್ಲ. ಬಸ್ಸುಗಳು ಕಣಜದ ನೆರಳಿನಲ್ಲಿ ನಿಲ್ಲುತ್ತಿದ್ದವು, ಆಟೋಗಳು ಆನೆಲಾಯದ ನೆರಳಿನಲ್ಲಿ. ಗಂಟೆಗೋಪುರದ ನೆರಳು ಸಣ್ಣದಾದ್ದರಿಂದ ಅಲ್ಲಿ ಕೂತ ದರ್ಜಿ ದಿನಕ್ಕೆ ಹನ್ನೊಂದು ಸಲ ಹೊಲಿಗೆ ಯಂತ್ರ ಸರಿಸುತ್ತಿದ್ದ. 'ಆರತಕ್ಷತೆ, ಅರಮನೆಯ ನೆರಳಿನಲ್ಲಿ, ಸಂಜೆ ನಾಲ್ಕರಿಂದ, ಮೋಡವಿದ್ದರೆ ಛತ್ರದಲ್ಲಿ' ಎಂದು ಅಚ್ಚಾದ ಲಗ್ನಪತ್ರಿಕೆಯನ್ನು ನಾನೇ ನೋಡಿದ್ದೇನೆ.

ಒಂದೇ ಒಂದು ಎಚ್ಚರ ಬೇಕು. ನೆರಳಿನ ಮೂಲದ ಮೇಲೆ ಹೊಸದೇನನ್ನಾದರೂ ಕಟ್ಟಿದರೆ ಆ ನೆರಳು ಹೋದಂತೆ. ಕುದುರೆಲಾಯವಿದ್ದಲ್ಲಿ ಹಿಂದೊಮ್ಮೆ ಗೊಬ್ಬರದ ಗೋದಾಮು ಕಟ್ಟಿದ್ದರಂತೆ. ಆಮೇಲೆ ತಪ್ಪಾಯಿತೆಂದು ಕೆಡವಿದರು. ನೆರಳು ಬರಲಿಲ್ಲ. ಅದಕ್ಕೇ ಊರಿನ ನೆರಳುಗಳನ್ನು ನೋಡಿಕೊಳ್ಳುವ ಸಮಿತಿ ಒಂದು ಪಟ್ಟಿ ಇಟ್ಟಿದೆ. ಯಾವುದರ ನೆರಳು ಎಂದು ಗೊತ್ತಾದದ್ದು ಪಟ್ಟಿಗೆ ಸೇರುತ್ತದೆ, ಸೇರಿದ್ದರ ತಂಟೆಗೆ ಯಾರೂ ಹೋಗುವಂತಿಲ್ಲ. ಗೊತ್ತಾಗದ್ದಕ್ಕೆ ದಿಕ್ಕಿಲ್ಲ.

ನನಗೆ ಬಂದದ್ದು ನಲವತ್ತೊಂದನೇ ನೆರಳು, ಹೆಸರಿಲ್ಲದ ಗೋಡೆ. ಕಣಜದ ಬಾಗಿಲಿದ್ದ ಜಾಗದಿಂದ ಶುರುವಾಗಿ ರಸ್ತೆಯ ಪಕ್ಕದಲ್ಲೇ ತೆಂಕಣಕ್ಕೆ ಹೋಗುವ, ಆಳೆತ್ತರದ ಒಂದು ಗೋಡೆಯ ನೆರಳು ಅಂತ ಹೇಳಿದರು. ಮಧ್ಯಾಹ್ನ ಎರಡರ ಮೇಲೆ ಅದರಲ್ಲಿ ಏಳು ಜನ ಹೆಂಗಸರು ಕೂತು ಸೊಪ್ಪು ಮಾರುತ್ತಿದ್ದರು. ಅವರಲ್ಲಿ ಹಿರಿಯಳು ಹಾಲಮ್ಮ, ಅರವತ್ತು ದಾಟಿದವಳು. ಅವಳ ಅತ್ತೆ ಕೂತಿದ್ದ ಜಾಗ ಅವಳದು, ಅತ್ತೆಯ ಅತ್ತೆ ಕೂತಿದ್ದೂ ಅಲ್ಲೇ. ಸೊಪ್ಪಿನ ವ್ಯಾಪಾರ ಅಂದರೆ ನೆರಳಿನ ವ್ಯಾಪಾರ. ಬಿಸಿಲಿಗಿಟ್ಟ ದಂಟು, ಮೆಂತ್ಯ ಅರ್ಧ ಗಂಟೆಗೆ ಕತ್ತು ವಾಲಿಸುತ್ತವೆ. ಆ ಜಾಗದಲ್ಲಿ ಟಿಕೆಟ್ ಕಟ್ಟಡ ಕಟ್ಟಬೇಕೆಂದು ಸಮಿತಿ ಆಗಲೇ ನಕ್ಷೆ ಮಾಡಿಸಿತ್ತು. ನಾನು ಹೆಸರು ಹುಡುಕಿಕೊಟ್ಟರೆ ಕಟ್ಟುವುದಿಲ್ಲ, ಇಲ್ಲವಾದರೆ ಜೂನ್‌ನಲ್ಲಿ ಪಾಯ. ಏಳು ಮನೆಯ ಒಲೆ ನನ್ನ ನೋಟ್‌ಬುಕ್ಕಿನ ಮೇಲೆ ನಿಂತಿತ್ತು.

ಸಮಿತಿಯ ಕಾರ್ಯದರ್ಶಿ ಪಾಲಾಕ್ಷಯ್ಯನವರು. ಐವತ್ತೆಂಟು ವಯಸ್ಸು, ಕಂಕುಳಲ್ಲಿ ಯಾವಾಗಲೂ ಕಪ್ಪು ಕೊಡೆ. ಮೊದಲ ದಿನವೇ ನಮಗೆಲ್ಲ ಒಂದೊಂದು ಕೈಪಿಡಿ ಕೊಟ್ಟು ಅದರಲ್ಲಿದ್ದಂತೆ ನಡೆಯಬೇಕು ಅಂದರು. ಬೆಳಿಗ್ಗೆ ಹತ್ತಕ್ಕೆ, ಬಿಸಿಲು ಏರುವ ಮೊದಲು ಅಳೆಯಬೇಕು. ನೆರಳಿನ ಅಂಚಿಗೆ ಸುಣ್ಣದ ಪುಡಿ ಹಾಕಬೇಕು. ಪಕ್ಕದಲ್ಲಿ ಒಂದು ಗಜದ ಕೋಲು ನೆಟ್ಟು, ಅದರ ನೆರಳಿನ ಲೆಕ್ಕದ ಮೇಲೆ ಪ್ರತಿ ಮಾರು ದೂರಕ್ಕೂ ಎತ್ತರ ಕಂಡುಹಿಡಿದು ಸರಾಸರಿ ತೆಗೆಯಬೇಕು. ಮಧ್ಯಾಹ್ನ ಊಟ, ನಿದ್ದೆ. ಸಂಜೆ ನಾಲ್ಕರಿಂದ ಆರೂವರೆವರೆಗೆ ಛತ್ರದಲ್ಲಿ ಬೋಧನಾ ವಿಧಾನದ ಬಗ್ಗೆ ಉಪನ್ಯಾಸ. ಐವತ್ತು ವರ್ಷದಿಂದ ಬಂದ ಮೇಷ್ಟ್ರುಗಳೆಲ್ಲ ಹೀಗೇ ಮಾಡಿದ್ದರು.

ನಾನೂ ಮಾಡಿದೆ. ಬೆಳಗಿನ ಹೊತ್ತು ಆ ನೆರಳು ಪಡುವಣಕ್ಕೆ, ಚರಂಡಿ ಮತ್ತು ಕಲ್ಲುಗುಡ್ಡೆಯ ಮೇಲೆ ಬೀಳುತ್ತಿತ್ತು. ಅಂಚು ಎಲ್ಲಿ ಏರಿತು ಎಲ್ಲಿ ಇಳಿಯಿತು ಎಂದು ತಿಳಿಯುವಂತಿರಲಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡು ಚರಂಡಿಯೊಳಗೆ ಸುಣ್ಣ ಹಾಕಿದೆ. ಒಂದು ಕಡೆ ಐದಡಿ ಮೂರಿಂಚು ಬಂತು, ಪಕ್ಕದಲ್ಲೇ ಐದಡಿ ಎಂಟು, ಇನ್ನೊಂದು ಕಡೆ ನಾಲ್ಕೂ ಆಗಲಿಲ್ಲ. ಕಲ್ಲು ಉದುರಿ ಹೀಗಾಗಿರಬೇಕು ಎಂದುಕೊಂಡು ಕೂಡಿಸಿ ಭಾಗಿಸಿ ಸರಾಸರಿ ಐದಡಿ ಎರಡಿಂಚು ಎಂದು ಬರೆದೆ. ಮೂವತ್ತೊಂದನೇ ದಿನ ವರದಿ ಕೊಟ್ಟೆ: 'ಕಾಂಪೌಂಡ್ ಗೋಡೆ. ಉದ್ದೇಶ ತಿಳಿದಿಲ್ಲ.' ಆನೆಲಾಯ ಅಳೆಯುತ್ತಿದ್ದ ದಸ್ತಗೀರ್ ಮೇಷ್ಟ್ರು ಅದನ್ನು ಓದಿ, ಐದಡಿ ಗೋಡೆ ಕಟ್ಟಿದ ರಾಜ ಶತ್ರುಗಳನ್ನು ಒಳಗೆ ಕರೆಯುತ್ತಿದ್ದನೇ ಮೇಡಂ ಅಂತ ತಮಾಷೆ ಮಾಡಿದರು. ನನಗೆ ಸಿಟ್ಟು ಬಂತು. ಅವರು ಕೇಳಿದ್ದನ್ನು ನಾನೇ ಕೇಳಿಕೊಳ್ಳಬೇಕಿತ್ತು, ಅದಕ್ಕೇ ಬಂತು.

ಪಾಲಾಕ್ಷಯ್ಯನವರು ವರದಿ ತಗೊಂಡು, ಉದ್ದೇಶ ತಿಳಿಯದ್ದು ಪಟ್ಟಿಗೆ ಬರುವುದಿಲ್ಲ, ನಿಮ್ಮ ತಪ್ಪೇನಿಲ್ಲ ಅಂದರು. ನಲವತ್ತನೇ ದಿನ ಸಮಿತಿಯ ಅಧ್ಯಕ್ಷರು ಬರುತ್ತಾರೆ, ಟಿಕೆಟ್ ಕಟ್ಟಡದ ನಕ್ಷೆಗೆ ಸಹಿ ಆಗುತ್ತದೆ. ಸೊಪ್ಪಿನವರಿಗೆ ಬೇರೆ ಕಡೆ ತಗಡಿನ ಚಪ್ಪರ ಹಾಕಿಸುವ ಯೋಚನೆಯಿದೆ. ತಗಡಿನ ಕೆಳಗೆ ಸೊಪ್ಪು ಬೇಯುತ್ತದಲ್ಲ ಅಂದೆ. ಅವರು ಕಂಕುಳಿನ ಕೊಡೆ ಸರಿಮಾಡಿಕೊಂಡರು.

ಅವತ್ತು ಉಪನ್ಯಾಸಕ್ಕೆ ಹೋಗುವ ಮುಖ ನನಗಿರಲಿಲ್ಲ. ಹಾಲಮ್ಮನಿಗೆ ನಾನೇ ಹೇಳುವುದು ಮರ್ಯಾದೆ ಅನ್ನಿಸಿತು. ಐದು ಗಂಟೆ ಹೊತ್ತಿಗೆ ರಸ್ತೆ ದಾಟಿ ಅವಳ ಕಡೆಗೆ ನಡೆದೆ. ಅವಳು ದೂರದಿಂದಲೇ ಕೈ ಅಡ್ಡ ಮಾಡಿದಳು.

"ವಸಿ ಪಕ್ಕಕ್ಕೆ ಬರ್ರಿ ಮೇಡಮ್ಮ, ತಲೆ ತುಳೀಬ್ಯಾಡ್ರಿ."

ಕೆಳಗೆ ನೋಡಿದೆ. ನನ್ನ ಚಪ್ಪಲಿಯ ತುದಿಯಲ್ಲಿ, ರಸ್ತೆಯ ಮೇಲೆ, ಒಂದು ತಲೆ ಇತ್ತು. ರುಮಾಲು ಸುತ್ತಿದ ತಲೆ. ಅದರ ಪಕ್ಕದಲ್ಲಿ ಕೊಡ ಹೊತ್ತ ಹೆಂಗಸು. ಆಚೆಗೆ ಕೋಲೂರಿದ ಮುದುಕ, ಅವನ ಬೆನ್ನಿಗೆ ಸೊಂಟದ ಮೇಲೆ ಕೂಸು ಎತ್ತಿಕೊಂಡವಳು. ಇಳಿಬಿಸಿಲಿಗೆ ರಸ್ತೆಯ ಅರ್ಧದವರೆಗೆ ಉದ್ದವಾಗಿ ಚಾಚಿಕೊಂಡ ಸಾಲು. ಮೇಲೆ ಅವರು ಯಾರೂ ಇರಲಿಲ್ಲ. ಗೋಡೆ ಅಂತ ಬರೆದಿದ್ದೆನಲ್ಲ. ಮನುಷ್ಯರನ್ನು ಕೂಡಿಸಿ, ಭಾಗಿಸಿ, ಕಾಂಪೌಂಡ್ ಮಾಡಿದ್ದೆ.

ಊರಿನವರಿಗೆ ಕಾಣಲಿಲ್ಲವೇ ಎಂದರೆ, ಆ ಹೊತ್ತಿನಲ್ಲಿ ರಸ್ತೆ ತುಂಬ ಜನ, ಜನರ ನೆರಳು. ಅದರಲ್ಲಿ ಇನ್ನೊಂದಿಷ್ಟು ತಲೆಗಳನ್ನು ಯಾರು ಎಣಿಸುತ್ತಾರೆ? ಸೊಪ್ಪಿನ ಹೆಂಗಸರಿಗೆ ಮಾತ್ರ ಗೊತ್ತಿತ್ತು. ಒಬ್ಬೊಬ್ಬರ ಜಾಗಕ್ಕೂ ಒಂದೊಂದು ಹೆಸರಿತ್ತು. ರುಮಾಲಿನವನ ಜಾಗ, ಕೊಡದವಳ ಜಾಗ. ಹಾಲಮ್ಮನದು ಕೂಸಿನವಳ ಜಾಗ. ಸಂಜೆ ಬುಟ್ಟಿ ಎತ್ತುವ ಮುಂಚೆ ಸೊಪ್ಪಿಗೆ ಚಿಮುಕಿಸಿ ಉಳಿದ ನೀರನ್ನು ಅವರ ಪಾದದ ಹತ್ತಿರ ಹಾಕುತ್ತಿದ್ದರು. ಯಾಕೆ ಹೇಳಲಿಲ್ಲ ಹಾಲಮ್ಮ, ಒಂದು ತಿಂಗಳು ಚರಂಡಿಯಲ್ಲಿ ಒದ್ದಾಡಿದೆನಲ್ಲ ಅಂದೆ.

"ನೀವು ಬೆಳಿಗ್ಗೆ ಬರ್ತಿದ್ರಿ. ಅವ್ರು ಕಾಣಾದು ಸಂಜಿಗೆ," ಅಂದಳು ಹಾಲಮ್ಮ. "ಐವತ್ತು ವರ್ಷದಿಂದ ಮೇಷ್ಟ್ರುಗಳು ಬರ್ತಾವ್ರೆ. ಯಾರಾರ ಕೇಳಿದ್ರಾ ನಮ್ಮನ್ನ?"

ರೇಣುಕಾ ಕೇಳಿದ ಮಾತು ಬೇರೆ ಬಾಯಲ್ಲಿ ಬಂದು ಕಪಾಳಕ್ಕೆ ಬಾರಿಸಿತು. ಹಾಲಮ್ಮನ ಅತ್ತೆ ಹೇಳಿದ್ದಿಷ್ಟಂತೆ. ಕಾಳು ಒಳಗಿತ್ತು, ಕಣಜದ ಬಾಗಿಲು ಹಾಕಿತ್ತು, ಇವರು ಬಂದು ನಿಂತರು. ಎಷ್ಟು ದಿನ ಎಂದು ಯಾರಿಗೂ ಗೊತ್ತಿಲ್ಲ. ಕೂರಲಿಲ್ಲ ಎಂಬುದು ಮಾತ್ರ ಗೊತ್ತು. ಅವತ್ತು ಎಣಿಸಿದೆ, ಮೂವತ್ತನಾಲ್ಕು ಜನ. ಮರುದಿನ ಮತ್ತೆ ಎಣಿಸಿದೆ. ಸಾಲಿನ ಮುಂದಿನ ತುದಿ ಪಟ್ಟಿಯಲ್ಲಿ ನಾಲ್ಕನೆಯದಾದ ಕಣಜದ ಬಾಗಿಲಿಗೇ ಮುಟ್ಟುತ್ತಿತ್ತು. ಆ ಕಣಜದ ಫಲಕದ ಮೇಲೆ ಏನು ಬರೆದಿತ್ತು ಗೊತ್ತೇ? ಸೀಮೆಯಲ್ಲೇ ದೊಡ್ಡ ಕಣಜ, ಪ್ರಜೆಗಳು ಸುಖವಾಗಿದ್ದರು.

ಪಾಲಾಕ್ಷಯ್ಯನವರ ಹತ್ತಿರ ಹೋಗಿ ವರದಿ ವಾಪಸು ಕೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ತಲೆಯಾಡಿಸಿದರು. ಕಟ್ಟಡದ ನೆರಳು ಉಳಿಯುತ್ತದೆ, ಮನುಷ್ಯರದು ಉಳಿಯುವುದಿಲ್ಲ ಅಂದರು. ಸಂಜೆ ಬಂದು ಒಂದು ಸಲ ನೋಡಿ ಎಂದು ಹಠ ಹಿಡಿದೆ. ಆಗ ಅವರು ಧ್ವನಿ ತಗ್ಗಿಸಿ ಒಂದು ಮಾತು ಹೇಳಿದರು.

"ನಮ್ಮಪ್ಪ ಹೋಗಿ ಮೂವತ್ತು ವರ್ಷ ಆಯ್ತು ಮೇಡಂ. ಮನೆ ಜಗಲಿ ಮೇಲೆ ಕೂತೇ ಜೀವ ಬಿಟ್ಟೋರು. ಒಂದು ವರ್ಷ ದಿನಾ ಆ ಜಗಲಿ ನೋಡಿದೀನಿ. ಏನೂ ಇರ್ಲಿಲ್ಲ."

ಆಮೇಲೆ ಮೊದಲಿನ ಧ್ವನಿಗೆ ಬಂದು, ಅಧ್ಯಕ್ಷರು ನಲವತ್ತನೇ ದಿನ ಹತ್ತಕ್ಕೆ ಬರುತ್ತಾರೆ, ಆಗ ಏನು ಕಾಣುತ್ತದೋ ಅದೇ ಲೆಕ್ಕ ಅಂದರು.

ಅಧ್ಯಕ್ಷರು ಹತ್ತಕ್ಕೆ ಸರಿಯಾಗಿ ಬಂದರು. ಬಿಳಿ ಕಾರು, ದಪ್ಪ ಕನ್ನಡಕ. ನಾನು ಮೂವತ್ತನಾಲ್ಕು ಜನರ ಚಿತ್ರ ಬಿಡಿಸಿದ ಹಾಳೆ ಹರಡಿ ಹೇಳಿದೆ. ಅವರು ಹಾಳೆ ನೋಡಿದರು, ಚರಂಡಿ ನೋಡಿದರು, ಕಲ್ಲುಗುಡ್ಡೆಯ ಮೇಲೆ ಸೊಟ್ಟಗೆ ಬಿದ್ದಿದ್ದ ನೆರಳು ನೋಡಿದರು. ಚಿತ್ರ ಚೆನ್ನಾಗಿದೆ ಅಂದರು. ದಯವಿಟ್ಟು ಸಂಜೆ ಐದಕ್ಕೆ ಬನ್ನಿ ಎಂದು ಬೇಡಿಕೊಂಡೆ. ಊಟವಾದ ಮೇಲೆ ಅರಮನೆಯ ನೆರಳು ನೋಡುವುದಿದೆ, ಆಮೇಲೆ ಹೊರಟೇಬಿಡುತ್ತೇನೆ ಅಂದರು. ಹಾಗಾದರೆ ತಾವು ಹೊರಡುವವರೆಗೆ ನಾನು ಇಲ್ಲೇ ನಿಂತಿರುತ್ತೇನೆ ಅಂದುಬಿಟ್ಟೆ. ಯೋಚಿಸಿ ಆಡಿದ ಮಾತಲ್ಲ. ಆಡಿದ ಮೇಲೆ ನುಂಗುವ ಜಾಯಮಾನ ನನ್ನದಲ್ಲ.

ಸಾಲಿನ ಕೊನೆಯವನ ಹಿಂದೆ ಹೋಗಿ ನಿಂತೆ. ಹನ್ನೊಂದಕ್ಕೆ ದಸ್ತಗೀರ್ ಮೇಷ್ಟ್ರು ಬಂದು ನನ್ನ ಹಿಂದೆ ನಿಂತರು. ನಿಮಗೆ ಬಿ.ಪಿ. ಇದೆ, ಹೋಗಿ ಅಂದರೆ, ಮಾತ್ರೆ ತಗೊಂಡೇ ಬಂದಿದ್ದೇನೆ ಅಂದರು. ಹನ್ನೆರಡಕ್ಕೆ ಉಳಿದ ಏಳೂ ಜನ ಬಂದರು. ನೆತ್ತಿಯ ಮೇಲಿನ ಬಿಸಿಲಿಗೆ ನೆರಳುಗಳೆಲ್ಲ ಕಾಲಡಿ ಸೇರಿಕೊಂಡಿದ್ದವು. ಎರಡು ಗಂಟೆಗೆ ಹಾಲಮ್ಮ ಮತ್ತು ಅವಳ ಜೊತೆಯವರು ಬುಟ್ಟಿ ಹೊತ್ತು ಬಂದು ನಮ್ಮನ್ನು ನೋಡಿ, ಬುಟ್ಟಿಗೆ ಒದ್ದೆ ಗೋಣಿ ಹೊದಿಸಿ ಬದಿಗಿಟ್ಟು, ತಂತಮ್ಮ ಜಾಗದಲ್ಲಿ ನಿಂತರು. ಬೇಡ ಹಾಲಮ್ಮ, ಸೊಪ್ಪು ಹಾಳಾಗುತ್ತದೆ ಅಂದೆ. ನಾಳೆಯಿಂದ ದಿನಾ ಹಾಳಾಗುವ ಬದಲು ಇವತ್ತೊಂದು ದಿನ ಆಗಲಿ ಅಂದಳು. ಪಾಲಾಕ್ಷಯ್ಯನವರು ಆಳಿನ ಕೈಲಿ ಆರು ಕುರ್ಚಿ ಕಳಿಸಿದರು. ಯಾರೂ ಕೂರಲಿಲ್ಲ. ಆಮೇಲೆ ನೀರು ಕಳಿಸಿದರು, ಕುಡಿದೆವು. ಮೂರರ ಹೊತ್ತಿಗೆ ನನ್ನ ಕಣ್ಣು ಕತ್ತಲಿಟ್ಟಿತು. ಮುಂದೆ ನಿಂತಿದ್ದವನ ನೆರಳು ಅಲ್ಲಾಡದೆ ಇತ್ತು. ಅದನ್ನೇ ನೋಡಿಕೊಂಡು ನಿಂತೆ.

ಐದೂ ಹತ್ತಕ್ಕೆ ಬಿಳಿ ಕಾರು ಬಂತು. ನಿಲ್ಲುವ ಲಕ್ಷಣ ಇರಲಿಲ್ಲ. ಪಾಲಾಕ್ಷಯ್ಯನವರು ಎಲ್ಲಿದ್ದರೋ, ರಸ್ತೆಯ ನಡುವೆ ಬಂದು ಕೊಡೆ ಅಡ್ಡ ಹಿಡಿದು ನಿಂತುಬಿಟ್ಟರು. ಮಧ್ಯಾಹ್ನದಿಂದ ಅವರು ಎದುರಿನ ಅಂಗಡಿಯ ಬಾಗಿಲಲ್ಲಿ ನಮ್ಮನ್ನೇ ನೋಡುತ್ತಿದ್ದರೆಂದು ಆಮೇಲೆ ತಿಳಿಯಿತು. ಅಧ್ಯಕ್ಷರು ಇಳಿದು ಬಂದರು, ಸಿಡುಕಿನಲ್ಲೇ ಇದ್ದರು. ರಸ್ತೆಯ ಮೇಲೆ ಚಾಚಿದ್ದ ಸಾಲನ್ನು ಒಂದು ಸಲ ಕಣ್ಣಾಡಿಸಿ ನನ್ನ ಕಡೆ ತಿರುಗಿದರು.

"ಏನು ಮೇಡಂ ಇದು? ನೀವೆಲ್ಲ ನಿಂತಿದ್ದೀರಿ, ನಿಮ್ಮ ನೆರಳು ಬಿದ್ದಿದೆ. ಇದನ್ನ ತೋರಿಸೋಕೆ ಕಾರು ನಿಲ್ಲಿಸಿದ್ರಾ?"

ಅವರು ಹೇಳಿದ್ದು ನಿಜ. ದಿನವಿಡೀ ನಿಂತು ನಾನೇ ಸಾಕ್ಷಿಯನ್ನು ಕಲಸಿಬಿಟ್ಟಿದ್ದೆ. ನಮ್ಮ ತಲೆಗಳೂ ಆ ತಲೆಗಳೂ ಒಂದರೊಳಗೊಂದು ಸೇರಿ ಯಾವುದು ಯಾರದೆಂದು ನನಗೇ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಹಾಲಮ್ಮ ಮುಂದೆ ಬಂದಳು.

"ನಾವು ಕೂತ್ಕಂತೀವಿ ಸ್ವಾಮಿ," ಅಂದಳು. "ಯಾರು ಉಳೀತಾರೋ ನೀವೇ ನೋಡ್ಕಳ್ರಿ."

ಅವಳು ಮೊದಲು ಕೂತಳು, ಮೊಣಕಾಲು ಹಿಡಿದುಕೊಂಡು, ನಿಧಾನವಾಗಿ. ಉಳಿದ ಆರು ಹೆಂಗಸರು ಕೂತರು. ಮೇಷ್ಟ್ರುಗಳು ಕೂತರು. ಕಡೆಗೆ ನಾನು ಕೂತೆ. ನಮ್ಮ ನೆರಳುಗಳು ಒಂದೊಂದಾಗಿ ಕುಗ್ಗಿ ನಮ್ಮ ಹತ್ತಿರ ಬಂದವು. ರಸ್ತೆಯ ಮೇಲೆ ಮೂವತ್ತನಾಲ್ಕು ಜನ ನಿಂತೇ ಇದ್ದರು.

ಅಧ್ಯಕ್ಷರು ಸಾಲಿನ ಉದ್ದಕ್ಕೂ ನಡೆದು ಹೋದರು, ತಿರುಗಿ ಬಂದರು. ಬರುವಾಗ ತಲೆಗಳನ್ನು ತುಳಿಯದಂತೆ ಅಂಚಿನಲ್ಲಿ ನಡೆದರು. ಕೂಸಿನವಳ ಹತ್ತಿರ ನಿಂತು ಇವರು ಯಾಕೆ ನಿಂತದ್ದು ಎಂದು ಕೇಳಿದರು. ಕಣಜದ ಬಾಗಿಲು ತೆಗೆಯಲಿ ಎಂದು, ಅಂದಳು ಹಾಲಮ್ಮ.

"ತೆಗೆದರೇ?"

"ತೆಗೆದಿದ್ರೆ ಹೋಗಿರ್ತಿದ್ರಲ್ಲ, ಸ್ವಾಮಿ."

ನಾನು ಅತ್ತುಬಿಟ್ಟೆ. ಬಿಸಿಲಿಗೆ ಬಂದ ಕಣ್ಣೀರು ಅಂತ ದಸ್ತಗೀರ್ ಮೇಷ್ಟ್ರಿಗೆ ಹೇಳಿದೆ. ಅವರ ಕಣ್ಣಿನಲ್ಲೂ ಅದೇ ಬಿಸಿಲಿತ್ತು. ಪಾಲಾಕ್ಷಯ್ಯನವರು ಕಾರಿನ ಬಾನೆಟ್ಟಿನ ಮೇಲೆ ಪಟ್ಟಿಯ ಪುಸ್ತಕ ಬಿಚ್ಚಿದರು. ನಲವತ್ತೊಂದನೇ ಸಾಲಿನಲ್ಲಿ 'ಯಾವುದರ ನೆರಳು' ಎಂಬಲ್ಲಿ 'ಜನ' ಎಂದು ಬರೆದರು. ಉದ್ದ ಬರೆದರು. ಎತ್ತರ ಎಂಬಲ್ಲಿ ಪೆನ್ನು ನಿಂತಿತು. ಕೈಪಿಡಿಯ ಪ್ರಕಾರ ಅಲ್ಲಿ ಒಂದೇ ಅಳತೆ ಬರೆಯಬೇಕು. ಅವರು ಸಾಲಿನ ಕಡೆ ಒಮ್ಮೆ ನೋಡಿ, 'ಒಬ್ಬೊಬ್ಬರದು ಒಂದೊಂದು' ಎಂದು ಬರೆದು ಪುಸ್ತಕವನ್ನು ಅಧ್ಯಕ್ಷರ ಮುಂದೆ ಇಟ್ಟರು. ಅಧ್ಯಕ್ಷರು ಸಹಿ ಹಾಕಿದರು. ಅವತ್ತಿನ ಸೊಪ್ಪು ಪೂರ್ತಿ ಬಾಡಿತ್ತು. ನಾವು ಒಂಬತ್ತು ಜನ ಹಂಚಿಕೊಂಡು ಅಷ್ಟನ್ನೂ ಕೊಂಡು, ಛತ್ರದಲ್ಲಿ ಮಸ್ಸೊಪ್ಪು ಮಾಡಿ ಉಂಡೆವು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ರೇಣುಕಾ ಈಗ ಹತ್ತನೇ ತರಗತಿ. ಮೊದಲ ದಿನವೇ ಅವಳನ್ನು ಎಬ್ಬಿಸಿ, ನೀನು ಹೋದ ವರ್ಷ ಕೇಳಿದ್ದು ಸರಿಯಾಗಿತ್ತು, ಯಾರೂ ಕೇಳಿರಲಿಲ್ಲ ಎಂದು ಎಲ್ಲರೆದುರು ಹೇಳಿದೆ. ಆ ಮೂವತ್ತನಾಲ್ಕು ಜನರ ಪಾಠ ಶುರು ಮಾಡಿದೆ. ಕೂಸಿನವಳ ತನಕ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಗಣಿತದ ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತಿದ್ದರು. ಮಕ್ಕಳು ನನ್ನ ಮುಖ ನೋಡಿದರು.

ನೇರ ಹೆಡ್‌ಮಾಸ್ಟರ ಕೋಣೆಗೆ ಹೋದೆ. ನನ್ನ ಎರಡು ಪೀರಿಯಡ್ಡು ವಾಪಸು ಬೇಕು ಸಾರ್ ಅಂದೆ. ಅವರು ನಕ್ಕು ಚಹಾಕ್ಕೆ ಹೇಳಿ ಕಳಿಸಿದರು. ಬಿಸ್ಕತ್ತಿನ ತಟ್ಟೆ ಹೊರಗೆ ತೆಗೆದು, ಎದುರಿನ ಕುರ್ಚಿ ತೋರಿಸಿ, ಕೂತ್ಕೊಳ್ಳಿ ಮೇಡಂ, ಮಾತಾಡೋಣ ಅಂದರು.

"ಪರವಾಗಿಲ್ಲ ಸಾರ್," ಅಂದೆ. "ನಿಂತಿರ್ತೀನಿ."